ಬ್ಯಾಟರಿಯ ಕಿಲುಬು ಮತ್ತು ಗೋಳಿಬಜೆಯ ಸೋಡಾ

ಮಲ್ಪೆಯಲ್ಲಿ ನಮ್ಮ ಮನೆಯಿಂದ ಕಡಲಿಗೆ ಐದು ನಿಮಿಷದ ನಡಿಗೆ. ಗೇಟಿನ ಚಿಲಕ ಎರಡು ಮಳೆಗಾಲ ಬಾಳಿದರೆ ಹೆಚ್ಚು. ಹಾಗಾಗಿ ಹಳೇ ಮಾರುತಿ 800ರ ಬ್ಯಾಟರಿ ಮೇಲೆ ಬಿಳಿ ಪುಡಿ ಕಂಡಾಗ, ಇದೂ ಉಪ್ಪುಗಾಳಿಯದ್ದೇ ಕೆಲಸ ಅಂದುಕೊಂಡು ಸುಮ್ನಿದ್ದೆ.

ಜುಲೈಯಲ್ಲಿ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. ಬಾನೆಟ್ ಎತ್ತಿದೆ. ಬ್ಯಾಟರಿಯ ಕಂಬಕ್ಕೆ (ಟರ್ಮಿನಲ್) ವೈರನ್ನು ಹಿಡಿಸುವ ಪಾಸಿಟಿವ್ ಕ್ಲ್ಯಾಂಪ್ ಕಾಣುವುದೇ ಇಲ್ಲ, ಹೂಕೋಸಿನ ಹಾಗೆ ಉಬ್ಬಿಕೊಂಡಿದೆ. ಅಮ್ಮ ಕೊಡೆ ಹಿಡಿದು ಬಂದು ನೋಡಿ, "ದೀಪಕ್ಕೆ ಬರುವ ಕಿಲುಬೇ ಅಲ್ವಾ ಮಗ, ಹುಣಸೆಹುಳಿ ಹಾಕಿ ತಿಕ್ಕು" ಅಂದರು.

ಹಿತ್ತಾಳೆ ದೀಪಕ್ಕೆ ಅದು ಸರಿ. ಇಲ್ಲಿ ಕೂತಿರುವುದೇ ಆಸಿಡ್. ಬ್ಯಾಟರಿಯೊಳಗಿನ ಸಲ್ಫ್ಯೂರಿಕ್ ಆಸಿಡ್ ಸಣ್ಣ ಹನಿಯಾಗಿ ಹೊರಬಂದು ಸೀಸ, ತಾಮ್ರ ತಿಂದಾಗ ಈ ಪುಡಿ ಆಗುವುದು. ಬಿಳಿ ಸೀಸದ್ದು, ನೀಲಿ-ಹಸಿರು ತಾಮ್ರದ್ದು. ಹುಳಿಗೆ ಹುಳಿ ಹಾಕಿದರೆ ಏನೂ ಆಗದು. ಬೇಕಾದದ್ದು ಅಮ್ಮನ ಇನ್ನೊಂದು ಡಬ್ಬಿ, ಗೋಳಿಬಜೆಗೆ ಹಾಕುವ ಅಡುಗೆ ಸೋಡಾ.

ಕೈಗವಸು ಹಾಕಿಕೊಂಡು, 10ರ ಸ್ಪ್ಯಾನರ್‌ನಲ್ಲಿ ಮೊದಲು ನೆಗೆಟಿವ್ ಬಿಚ್ಚಿದೆ. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಬೇರೆ ಬರುವುದು, ತಮಾಷೆಯಲ್ಲ. ನೀರಿನ ಮುಚ್ಚಳಗಳೆಲ್ಲ ಬಿಗಿ ಇವೆಯಾ ಅಂತ ನೋಡಿದೆ. ಸೋಡಾ ಒಳಗೆ ಹೋದರೆ ಬ್ಯಾಟರಿ ಹಾಳು. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಸೋಡಾ ಕಲಸಿ ಮೆಲ್ಲ ಹೊಯ್ದೆ. ಬುಸ್ಸೆಂದು ನೊರೆ ಎದ್ದಿತು. ನೊರೆ ಬರುವಷ್ಟು ಹೊತ್ತು ಆಸಿಡ್ ಇದೆ ಅಂತ ಲೆಕ್ಕ. ಹಳೇ ಟೂತ್‌ಬ್ರಶ್‌ನಲ್ಲಿ ತಿಕ್ಕಿ, ಬರೀ ನೀರಲ್ಲಿ ತೊಳೆದು, ಒರೆಸಿ, ಕ್ಲ್ಯಾಂಪಿನ ಒಳಮೈಯನ್ನು ಮರಳು ಕಾಗದದಲ್ಲಿ ಉಜ್ಜಿ ಹೊಳೆಯಿಸಿದೆ.

ಆಮೇಲೆ ಒಂದು ದಡ್ಡತನ ಮಾಡಿದೆ. ಇನ್ನು ಪುಡಿ ಬರಲೇಬಾರದು ಅಂತ ಟರ್ಮಿನಲ್‌ಗೆ ಮೊದಲೇ ಗ್ರೀಸ್ ಮೆತ್ತಿ ಅದರ ಮೇಲೆ ಕ್ಲ್ಯಾಂಪ್ ಕೂರಿಸಿದೆ. ಅದನ್ನೂ ಸರಿಯಾಗಿ ಬಿಗಿ ಮಾಡಿರಲಿಲ್ಲ. ವಾರದೊಳಗೆ ಪುನಃ ಟಿಕ್ ಟಿಕ್. ಗ್ರೀಸ್ ಕರೆಂಟ್ ಹಾಯಿಸುವುದಿಲ್ಲವಲ್ಲ! ಎಲ್ಲ ಒರೆಸಿ, ಲೋಹಕ್ಕೆ ಲೋಹ ಕೂರುವ ಹಾಗೆ ಪಾಸಿಟಿವ್ ಮೊದಲು, ನೆಗೆಟಿವ್ ಆಮೇಲೆ ಹಾಕಿದೆ. ಕೈಯಲ್ಲಿ ತಿರುಗಿಸಿದರೆ ಅಲ್ಲಾಡಬಾರದು, ಅಷ್ಟು ಬಿಗಿ. ಅದಾದ ಮೇಲೆ ಹೊರಗಿನಿಂದ, ಬೋಲ್ಟ್ ಸಮೇತ, ವ್ಯಾಸಲೀನ್ ಹಚ್ಚಿದೆ.

ಆದರೂ ಮೂರು ತಿಂಗಳಲ್ಲಿ ಸಣ್ಣಗೆ ಬಿಳಿ ಕಂಡಿತು. ಗ್ಯಾರೇಜಿಗೆ ಒಯ್ದೆ. ಎಂಜಿನ್ ಓಡುವಾಗ ಮೀಟರ್ ಇಟ್ಟರೆ 14.2 ವೋಲ್ಟ್. 13.8ರಿಂದ 14.5ರೊಳಗೆ ಇದ್ದರೆ ಚಾರ್ಜಿಂಗ್ ಸರಿ ಇದೆ ಅಂತ ಅರ್ಥ, ಜಾಸ್ತಿ ಆದರೆ ಬ್ಯಾಟರಿ ಕುದಿದು ಉಗುಳುತ್ತದೆ. ಮೆಕ್ಯಾನಿಕ್ ಅಣ್ಣ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, "ನೀರು ಇಷ್ಟು ಯಾಕೆ ತುಂಬಿಸಿದ್ದು ಮಾರಾಯ್ರೆ?" ಅಂದ. ಡಿಸ್ಟಿಲ್ಡ್ ವಾಟರ್ ತುಂಬಿಸಿದ್ದು ನಾನೇ. ಬ್ಯಾಟರಿ ಮೇಲೆ ಗುರುತು ಮಾಡಿದ ಮೇಲಿನ ಗೆರೆ ದಾಟಿ, ಬಾಯಿವರೆಗೆ. ಹೆಚ್ಚಾದದ್ದು ಆಸಿಡ್ ಸಮೇತ ಹೊರಗೆ ಬಂದಿತ್ತು. ಉಪ್ಪುಗಾಳಿ ಬೋಲ್ಟ್ ತಿನ್ನುವುದು ನಿಜ, ಆದರೆ ಈ ಹೂಕೋಸು ಬೆಳೆಸಿದ್ದು ನನ್ನ ಧಾರಾಳ ಕೈ.

ಈಗ ಗೆರೆಗೇ ನಿಲ್ಲಿಸುತ್ತೇನೆ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಬಿಚ್ಚಿ ನೋಡಿ ಹೊಸ ವ್ಯಾಸಲೀನ್ ಹಚ್ಚುತ್ತೇನೆ. ಆ ಸೋಡಾ ಡಬ್ಬಿಯನ್ನು ಅಮ್ಮ ವಾಪಸ್ ಒಳಗೆ ಸೇರಿಸಲೇ ಇಲ್ಲ. ಗೋಳಿಬಜೆಗೆ ಬೇರೆ ತರಿಸಿದ್ದಾರೆ.