ಕಾರ್ ಷೋರೂಮ್ ಕೆಲಸಕ್ಕೆ ಸೇರುವ ಮೊದಲು ನಾನು ಹಾಕಿದ ಆಟಿಯ ಲೆಕ್ಕ

2025ರ ಜೂನ್‌ನಲ್ಲಿ ನನಗೆ ಒಂದು ಆಫರ್ ಬಂತು. ಉಡುಪಿಯಲ್ಲಿ ಹೆದ್ದಾರಿ 66ರ ಬದಿಯ ಕಾರ್ ಷೋರೂಮ್. ಸಂಬಳ 14,000, ಅದರ ಮೇಲೆ ಮಾರಿದ ಕಾರಿಗೆ ತಕ್ಕ ಇನ್ಸೆಂಟಿವ್. ಆಗ ನಾನು ಬಟ್ಟೆ ಅಂಗಡಿಯೊಂದರ ಸೀರೆ ವಿಭಾಗದಲ್ಲಿದ್ದೆ. ಅಲ್ಲಿ 17,500 ಬರುತ್ತಿತ್ತು. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರಬೇಕು, ಆದರೆ ತಿಂಗಳು ಮುಗಿದರೆ ಹಣ ಗ್ಯಾರಂಟಿ.

ಇಂಟರ್‌ವ್ಯೂ ಮಾಡಿದವರು ಹೇಳಿದರು, "ನಮ್ಮಲ್ಲಿ ತಿಂಗಳಿಗೆ 35 ಸಾವಿರ ತೆಗೆದುಕೊಂಡು ಹೋಗುವವರೂ ಇದ್ದಾರೆ." ಮನೆಗೆ ಬಂದು ಅದನ್ನೇ ಗಂಡನಿಗೆ ಹೇಳಿದೆ. ಇವರು ಮಲ್ಪೆಯಲ್ಲಿ ಮೀನು ಹಿಡಿಯುವ ಬೋಟಿಗೆ ಹೋಗುವವರು. ಇವರದ್ದೂ ಸಂಬಳವಲ್ಲ, ಪಾಲು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಬೋಟಿನಲ್ಲಿ ಮೊದಲು ಡೀಸೆಲ್, ಐಸು ಎಲ್ಲ ಕಳೆದು ಆಮೇಲೆ ಪಾಲು ಹಾಕುವುದು. ನಿನ್ನ ಕಮಿಷನ್ ಯಾವುದೆಲ್ಲ ಕಳೆದ ಮೇಲೆ ಸಿಗುವುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕಲು ಎರಡು ವಾರ ತಿರುಗಿದೆ.

ಕಟಪಾಡಿಯಲ್ಲಿ ನಮ್ಮ ಮನೆ ಹತ್ತಿರದ ಒಬ್ಬರು ಅಕ್ಕ ಬೇರೊಂದು ಷೋರೂಮಿನಲ್ಲಿ ಐದು ವರ್ಷದಿಂದ ಇದ್ದಾರೆ. ಅವರ ಹತ್ತಿರ ಹೋಗಿ ನೇರವಾಗಿ ಕೇಳಿದೆ, "ಅಕ್ಕ, ಸಂಬಳದ ಸ್ಲಿಪ್ ತೋರಿಸುತ್ತೀರಾ? ಒಂದು ತಿಂಗಳದ್ದಲ್ಲ, 12 ತಿಂಗಳದ್ದು." ಕೇಳುವಾಗ ಸಂಕೋಚ ಆಯಿತು. ಅವರು ಬೇಸರ ಮಾಡಿಕೊಳ್ಳದೆ ಮೊಬೈಲ್‌ನಲ್ಲಿ ಒಂದೊಂದಾಗಿ ತೆಗೆದರು. ಕೂಡಿಸಿದೆವು. ವರ್ಷಕ್ಕೆ ಇನ್ಸೆಂಟಿವ್ 96,000. ಅಂದರೆ ತಿಂಗಳಿಗೆ 8,000 ಬಿತ್ತು. ಆದರೆ ಅದರಲ್ಲಿ 40,000 ಬಂದದ್ದು ಎರಡೇ ತಿಂಗಳಲ್ಲಿ, ನವರಾತ್ರಿ ಮತ್ತು ದೀಪಾವಳಿ ಸಮಯದ್ದು. ಎರಡು ತಿಂಗಳು ಬರೀ ಸೊನ್ನೆ.

ಸೊನ್ನೆ ಯಾವಾಗ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ, ಶುಭಕಾರ್ಯ ಮಾಡದ ತುಳು ತಿಂಗಳು. ಹೊಸ ಗಾಡಿ ಮನೆಗೆ ತರುವವರು ತೀರಾ ಕಡಿಮೆ. ಬುಕ್ ಮಾಡಿದವರೂ "ಆಟಿ ಕಳೆಯಲಿ" ಅನ್ನುತ್ತಾರೆ. ಇನ್ಸೆಂಟಿವ್ ಲೆಕ್ಕಕ್ಕೆ ಬರುವುದು ಬುಕಿಂಗ್ ಅಲ್ಲ, ಡೆಲಿವರಿ.

ನನಗೆ ಎದೆ ಝಲ್ಲೆಂದದ್ದು ಅಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಇವರಿಗೆ ಕೆಲಸ ಇಲ್ಲ. ಇಷ್ಟು ವರ್ಷ ನನ್ನ ಬಟ್ಟೆ ಅಂಗಡಿಯ ಸಂಬಳದಲ್ಲೇ ಮನೆಯ ಮಳೆಗಾಲ ಕಳೆಯುತ್ತಿತ್ತು. ಸಂಘದ ವಾರದ ಕಂತು, ಮಗನ ಶಾಲೆ, ಅತ್ತೆಯ ಮಾತ್ರೆ ಎಲ್ಲ ಅದರಿಂದಲೇ. ಇವರ ಪಾಲು ನಿಂತಾಗಲೇ ನನ್ನ ಕಮಿಷನ್ನೂ ನಿಂತರೆ? 35 ಸಾವಿರ ತೆಗೆದುಕೊಂಡವರ ಮನೆಯಲ್ಲಿ ಇನ್ನೊಂದು ಗಟ್ಟಿ ಸಂಬಳ ಇದ್ದಿರಬಹುದು ಅಲ್ವಾ. ನಮ್ಮ ಮನೆಯಲ್ಲಿ ಇರಲಿಲ್ಲ.

ಆಮೇಲೆ ಸ್ಲ್ಯಾಬ್, ಅಂದರೆ ಎಷ್ಟು ಕಾರು ಮಾರಿದರೆ ಎಷ್ಟು ಇನ್ಸೆಂಟಿವ್, ಏನೆಂದು ಕೇಳಿದೆ. ನನಗೆ ಕೆಲಸ ಕೊಡುತ್ತೇವೆ ಅಂದವರ ಲೆಕ್ಕ ಹೀಗಿತ್ತು. ಮೊದಲ ಎರಡು ಕಾರಿಗೆ ಏನೂ ಇಲ್ಲ. ಮೂರನೆಯದರಿಂದ ಕಾರಿಗೆ 1,500. ಐದು ಮುಟ್ಟಿದರೆ ಮೊದಲನೆಯದರಿಂದಲೇ ಕಾರಿಗೆ 2,500. ಕಾಗದದ ಮೇಲೆ ಬರೆದು ನೋಡಿದೆ. ನಾಲ್ಕು ಕಾರಿಗೆ 3,000. ಐದು ಕಾರಿಗೆ 12,500. ಒಂದೇ ಕಾರಿನ ವ್ಯತ್ಯಾಸ! ಆ ಐದನೆಯ ಕಾರು 30ನೇ ತಾರೀಕಿಗೆ ಬರುವುದೋ ಮುಂದಿನ ತಿಂಗಳು 2ಕ್ಕೆ ಬರುವುದೋ ನಮ್ಮ ಕೈಯಲ್ಲಿಲ್ಲ. ಸ್ಟಾಕ್ ಯಾರ ಗ್ರಾಹಕರಿಗೆ ಮೊದಲು ಅಂತ ತೀರ್ಮಾನಿಸುವುದು ಮ್ಯಾನೇಜರ್. ಅದಕ್ಕೇ ಒಂದು ಶನಿವಾರ ಷೋರೂಮಿಗೆ ಹೋಗಿ ಸುಮ್ನೆ ಒಂದು ಗಂಟೆ ಕೂತೆ. ಬಾಗಿಲಿಗೆ ಬಂದ ಗ್ರಾಹಕರನ್ನು ಯಾರು ಮಾತಾಡಿಸುತ್ತಾರೆ ಅಂತ ನೋಡಿದೆ. ಸರದಿ ಪ್ರಕಾರ ಹೋಗುತ್ತಿದ್ದರು. ಹೊಸ ಹುಡುಗಿಗೂ ಸರದಿ ಬಂತು. ಅದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ಹಳಬರೇ ಬಂದವರನ್ನೆಲ್ಲ ಹಿಡಿದುಕೊಳ್ಳುವ ಜಾಗದಲ್ಲಿ ಎಷ್ಟು ದೊಡ್ಡ ಕಮಿಷನ್ ಇದ್ದರೂ ಹೊಸಬರಿಗೆ ಏನು ಸಿಗುತ್ತದೆ?

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಪೂರ್ತಿ ಕಮಿಷನ್ ಮೇಲೆ ಬನ್ನಿ ಅಂದರು. ಕಾರಿಗೆ ಜಾಸ್ತಿ ಹಣ, ಆದರೆ ಪಿಎಫ್ ಇಲ್ಲ, ಚಿಕಿತ್ಸೆಗೆ ಆಗುವ ಇಎಸ್‌ಐ ವಿಮೆಯೂ ಇಲ್ಲ. ಅತ್ತೆಯ ಆಸ್ಪತ್ರೆ ಖರ್ಚು ನೋಡಿದವಳು ನಾನು. ಅದನ್ನು ಅಲ್ಲಿಗೇ ಬಿಟ್ಟೆ.

ಒಟ್ಟು ಲೆಕ್ಕ ಹೀಗೆ ಬಂತು. ಸಂಬಳ 14,000, ಅಕ್ಕನಷ್ಟೇ ಮಾರಿದರೆ ಇನ್ಸೆಂಟಿವ್ 8,000. ಗ್ರಾಹಕರ ಮನೆಗೆ ಹೋಗುವ ಪೆಟ್ರೋಲು, ರೀಚಾರ್ಜ್ ಅಂತ 2,500 ಕಳೆದರೆ 19,500. ಬಟ್ಟೆ ಅಂಗಡಿಗಿಂತ 2,000 ಮಾತ್ರ ಜಾಸ್ತಿ. ಆದರೂ ಹೋಗಬೇಕು ಅನ್ನಿಸಿತು. ಅಂಗಡಿಯಲ್ಲಿ ವರ್ಷಕ್ಕೆ 500 ಏರುತ್ತಿತ್ತು, ಅಷ್ಟೇ. ಇಲ್ಲಿ ನನ್ನ ಗ್ರಾಹಕರು ಬೆಳೆಯುತ್ತಾರೆ. ತುಳು, ಕನ್ನಡ, ಕೊಂಕಣಿ ಮೂರರಲ್ಲೂ ವ್ಯಾಪಾರ ಮಾಡಿ ಅಭ್ಯಾಸ ಇತ್ತು.

ಎರಡು ವಿಷಯ ಕೇಳಿದೆ. ಅವರು ಜುಲೈ 1ಕ್ಕೆ ಬನ್ನಿ ಅಂದಿದ್ದರು. ನಾನು ಆಟಿ ಕಳೆದು ಬರುತ್ತೇನೆ ಅಂದೆ. ಮೂರು ತಿಂಗಳು 18,000 ಖಚಿತವಾಗಿ ಕೊಡಿ, ಅದನ್ನು ಆಫರ್ ಲೆಟರ್‌ನಲ್ಲಿ ಬರೆಯಿರಿ ಅಂದೆ. ಎರಡು ತಿಂಗಳಿಗೆ ಒಪ್ಪಿದರು, ಬರೆದೂ ಕೊಟ್ಟರು. ಬಟ್ಟೆ ಅಂಗಡಿಯ ಆಷಾಢ ಸೇಲ್ ಮುಗಿಸಿ, ಸೊಸೈಟಿಯಲ್ಲಿ 40,000 ಇದೆ ಅಂತ ನೋಡಿಕೊಂಡು, ಆಗಸ್ಟ್ 18ಕ್ಕೆ ಸೇರಿದೆ.

ಮೂರು ದಿನ ಮೊದಲು, ಆಗಸ್ಟ್ 15ರಂದು, ದೀಪಾವಳಿ ಹೊತ್ತಿಗೆ ಜಿಎಸ್‌ಟಿ ಇಳಿಸುತ್ತೇವೆ ಎಂದು ಪ್ರಧಾನಿ ಕೆಂಪುಕೋಟೆಯಿಂದ ಹೇಳಿದ್ದರು. ಚೌತಿ 27ಕ್ಕೆ ಇತ್ತು. ಆಟಿ ಕಳೆದ ಕೂಡಲೇ ಜನ ಬರಬೇಕಾದ ಸಮಯ. ಬಂದವರೆಲ್ಲ ಮಣಿಪಾಲದ ಏರಿನಲ್ಲಿ ಎಸಿ ಹಾಕಿಕೊಂಡು ಟೆಸ್ಟ್ ಡ್ರೈವ್ ಮಾಡಿದರು, ಬಣ್ಣ ಆರಿಸಿದರು, "ರೇಟ್ ಇಳಿಯಲಿ, ಆಮೇಲೆ ನೋಡುವ" ಅಂದರು. ನಾನೇ ಅವರ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದೆ. ಸೆಪ್ಟೆಂಬರ್ 3ಕ್ಕೆ ತೀರ್ಮಾನ ಆಯಿತು. ಚಿಕ್ಕ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ, ಸೆಪ್ಟೆಂಬರ್ 22ರಿಂದ. ಅಂದೇ ನವರಾತ್ರಿ ಶುರು. ಅಲ್ಲಿವರೆಗೆ ನನ್ನ ಹೆಸರಿನಲ್ಲಿ ಒಂದು ಡೆಲಿವರಿಯೂ ಇರಲಿಲ್ಲ. ಎಲ್ಲ ಲೆಕ್ಕ ಹಾಕಿದ್ದ ನಾನು ಇದನ್ನು ಹಾಕಿರಲಿಲ್ಲ. ಯಾರು ತಾನೇ ಹಾಕಿಯಾರು? ಆ 18,000 ಬರೆಸಿಕೊಳ್ಳದೆ ಹೋಗಿದ್ದರೆ ಮೊದಲ ತಿಂಗಳೇ ಸೊಸೈಟಿ ಹಣಕ್ಕೆ ಕೈ ಹಾಕಬೇಕಿತ್ತು.

22ರ ನಂತರ ಊಟಕ್ಕೂ ಪುರುಸೊತ್ತಿಲ್ಲ. ಆಯುಧ ಪೂಜೆ ದಿನ ರಾತ್ರಿ ಒಂಬತ್ತಾದರೂ ಕೀ ಕೊಡುತ್ತಲೇ ಇದ್ದೆವು. ಇವರು ಸ್ಕೂಟರ್ ತಂದು ಹೊರಗೆ ಕಾದಿದ್ದರು. ಅಕ್ಟೋಬರ್‌ನಲ್ಲಿ ಏಳು ಕಾರು, 17,500 ಇನ್ಸೆಂಟಿವ್. ಅದು ಕೈಗೆ ಬಂದದ್ದು ನವೆಂಬರ್ ಕೊನೆಗೆ. ಬಂದಾಗ 1,250 ಕಡಿಮೆ ಇತ್ತು.

ಯಾಕೆಂದು ಕೇಳಿದೆ. ಒಬ್ಬ ಗ್ರಾಹಕರು ಇನ್ಶೂರೆನ್ಸ್ ಹೊರಗೆ ಮಾಡಿಸಿದ್ದರು. ಹಾಗಾದರೆ ಆ ಕಾರಿಗೆ ಅರ್ಧವೇ ಅಂತೆ. ಇನ್ಶೂರೆನ್ಸ್ ಎಲ್ಲಿ ಮಾಡಿಸಬೇಕು ಎನ್ನುವುದು ಗ್ರಾಹಕರ ಹಕ್ಕು. ಅವರು ಕೇಳಿದಾಗ ನಾನೇ ಅದನ್ನು ಹೇಳಿದ್ದೆ. ಸುಳ್ಳು ಹೇಳಿ 1,250 ಉಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ. ಆದರೆ ಈ ಕಡಿತ ಸೇರುವ ಮೊದಲೇ ಗೊತ್ತಿರಬೇಕಿತ್ತು. ಇವರು ಕೇಳಿದ ಪ್ರಶ್ನೆಯನ್ನು ನಾನು ಅರ್ಧ ಮಾತ್ರ ಕೇಳಿದ್ದೆ. ಇನ್ಶೂರೆನ್ಸ್, ಸಾಲ, ಆಕ್ಸೆಸರೀಸ್, ಕೊಟ್ಟ ಡಿಸ್ಕೌಂಟ್ ಹೀಗೆ ಒಂದೊಂದರ ಹೆಸರು ಹೇಳಿ, ಇದು ಆಗದಿದ್ದರೆ ಎಷ್ಟು ಕಳೆಯುತ್ತೀರಿ ಅಂತ ಕೇಳಬೇಕು. ಈಗ ಅದನ್ನು ಬರೆಸಿಕೊಂಡಿದ್ದೇನೆ. ಅಕ್ಟೋಬರಿನ ಹಣದಲ್ಲಿ 10,000 ಸೊಸೈಟಿಗೆ ಹೋಯಿತು, ಮುಂದಿನ ಮಳೆಗಾಲಕ್ಕೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದಳು. ಮಂಗಳೂರಿನ ಷೋರೂಮ್ ಒಂದರಲ್ಲಿ ಇಂಥದ್ದೇ ಕೆಲಸ ಸಿಕ್ಕಿದೆ. ಅವಳ ತಂದೆಗೆ ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಸಾಲ ಇಲ್ಲ. ನನ್ನಷ್ಟು ಹೆದರಬೇಕಾಗಿಲ್ಲ, ಆಟಿಯಲ್ಲೇ ಸೇರಿದರೂ ಕಲಿಯಲು ಸಮಯ ಸಿಗುತ್ತದೆ ಅಂದೆ. ಆದರೆ ಅಲ್ಲಿ ಕೆಲಸ ಮಾಡುವ ಯಾರದ್ದಾದರೂ 12 ತಿಂಗಳ ಸ್ಲಿಪ್ ಕೇಳಿ ತಾ ಅಂತ ಹೇಳಿ ಕಳಿಸಿದ್ದೇನೆ. ಭಾನುವಾರ ಬರುತ್ತಾಳೆ. ಇಬ್ಬರೂ ಕೂತು ಕೂಡಿಸಿ ನೋಡುತ್ತೇವೆ.