ಸೋಫಾಕ್ಕೂ ಗೋಡೆ ಕಟಿಂಗ್‌ಗೂ ಒಂದೇ ವ್ಯಾಕ್ಯೂಮ್ ಕ್ಲೀನರ್ ಸಾಕಾ?

ಎಸಿ ಹಾಕಿಸಲು ನಮ್ಮ ಮನೆಯಲ್ಲಿ ಗೋಡೆ ಕಟಿಂಗ್ ಮಾಡಿಸಿದೆವು. ಗೋಡೆ ಕೊಯ್ಯುವ ಗ್ರೈಂಡರ್ ಆನ್ ಆಗಿ ಐದು ನಿಮಿಷ ಆಗಿರಲಿಲ್ಲ, ಹಾಲ್ ತುಂಬಾ ಬಿಳಿ ಹೊಗೆ. ಕೆಲಸದವರು ಹೋದ ಮೇಲೆ ಸೋಫಾ ಕ್ಲೀನ್ ಮಾಡುವ ಪುಟ್ಟ ವ್ಯಾಕ್ಯೂಮ್ ಕ್ಲೀನರ್ ತಂದು ಸಿಮೆಂಟ್ ಪುಡಿಯನ್ನೆಲ್ಲ ಎಳೆದೆ. ಮುಂದಿನಿಂದ ಎಳೆದದ್ದು ಹಿಂದಿನಿಂದ ಹೊರಗೆ ಬರುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಸಂಜೆ ಟಿವಿ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಎರಡು ದಿನಕ್ಕೆ ಮೋಟಾರ್ ಸುಟ್ಟ ವಾಸನೆ. ರಿಪೇರಿಯವರು ಬಿಚ್ಚಿ ತೋರಿಸಿದರೆ ಒಳಗೆಲ್ಲ ಸಿಮೆಂಟ್. ‘ಇದು ಮನೆ ಕಸಕ್ಕೆ ಸಾರ್, ಗಾರೆ ಕೆಲಸಕ್ಕಲ್ಲ’ ಅಂದರು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ನೀವು ಎಳೆಯಬೇಕಾದ ಧೂಳು ಯಾವುದು?

ಧೂಳಿನ ಜಾತಿ ನೋಡಿ

ಕೂದಲು, ಹಾಸಿಗೆಯ ಧೂಳು, ಜೇಡರ ಬಲೆ ಇಷ್ಟೇ ಆದರೆ ಮನೆಯ ಸಾಮಾನ್ಯ ಯಂತ್ರ ಸಾಕು. ಕಾರ್ಪೆಂಟರ್ ಕೆಲಸದ ಮರದ ಹೊಟ್ಟು ಹಗುರ, ಆದರೆ ಬೇಗ ರಾಶಿ ಬೀಳುತ್ತದೆ. ಅದಕ್ಕೆ ದೊಡ್ಡ ಡ್ರಮ್, ಅಗಲ ಪೈಪ್ ಬೇಕು. ನಿಜವಾದ ತಲೆನೋವು ಸಿಮೆಂಟ್, ಟೈಲ್ಸ್, ಗ್ರಾನೈಟ್, ಪುಟ್ಟಿ ಉಜ್ಜಿದ ಪುಡಿ. ಕಣ್ಣಿಗೆ ಕಾಣದಷ್ಟು ಸಣ್ಣದು. ಸಿಮೆಂಟ್ ಗೋಡೆ, ಗ್ರಾನೈಟ್ ಕೊಯ್ದಾಗ ಬರುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಅದು ಬಂದರೆ ವಾಸಿಯಾಗುವುದಿಲ್ಲ. ದಿನಾ ಇದೇ ಕೆಲಸ ಮಾಡುವವರು ಯಂತ್ರದ ಬೆಲೆಗಿಂತ ಮೊದಲು ಇದನ್ನು ಯೋಚಿಸಬೇಕು.

ವಾಟ್ ನೋಡಿ ಮೋಸ ಹೋಗಬೇಡಿ

ಅಂಗಡಿಯವರು ಮೊದಲು ಹೇಳುವುದೇ ವಾಟ್. ಅದು ಮೋಟಾರ್ ತಿನ್ನುವ ಕರೆಂಟಿನ ಲೆಕ್ಕ, ಎಳೆಯುವ ಶಕ್ತಿಯ ಲೆಕ್ಕ ಅಲ್ಲ. ಡಬ್ಬದ ಮೇಲೆ ಇನ್ನೆರಡು ಅಂಕಿ ಹುಡುಕಿ. ಕಿಲೋಪಾಸ್ಕಲ್ ಎಂದರೆ ಎಷ್ಟು ಬಿಗಿಯಾಗಿ ಎಳೆಯುತ್ತದೆ ಎಂಬುದು. ಡ್ರಮ್ ಮಾದರಿಯ ಯಂತ್ರಗಳಲ್ಲಿ ಇದು 20ರ ಆಸುಪಾಸು ಇರುತ್ತದೆ. ಇನ್ನೊಂದು, ಎಷ್ಟು ಗಾಳಿ ಎಳೆಯುತ್ತದೆ ಎಂಬುದು. ಹೊಟ್ಟು ಎಳೆಯಲು ಗಾಳಿ ಜಾಸ್ತಿ ಬೇಕು, ನೀರು ಎಳೆಯಲು ಬಿಗಿ ಬೇಕು.

ವಾಟ್ ಬೇಕಾಗುವುದು ಪ್ಲಗ್ಗಿಗೆ. ನಮ್ಮ 230 ವೋಲ್ಟ್ ಲೈನಿನಲ್ಲಿ 1,400 ವಾಟಿನ ಯಂತ್ರ ಸುಮಾರು 6 ಆಂಪ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ಟಿನ ಮಿತಿಯೇ 6 ಆಂಪ್. ಅದಕ್ಕಿಂತ ದೊಡ್ಡದಾದರೆ ಗೀಸರಿಗೆ ಇರುತ್ತದಲ್ಲ, ಆ 16 ಆಂಪಿನ ಸಾಕೆಟ್ಟೇ ಬೇಕು. ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವೈರ್ ಬಿಸಿಯಾಗುತ್ತದೆ.

ಫಿಲ್ಟರೇ ಯಂತ್ರದ ಜೀವ

1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಹೋಟೆಲಿನ ಕುರ್ಚಿ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಗಾಳಿ ಎಳೆದು ನೋಡಿದರಂತೆ. ಕೆಮ್ಮು ಬಂತು, ಆದರೆ ಕರವಸ್ತ್ರದ ಕೆಳಗಡೆ ಧೂಳು ಅಂಟಿಕೊಂಡಿತ್ತು. ಇವತ್ತಿಗೂ ವಿಷಯ ಇಷ್ಟೇ: ನಡುವೆ ಇರುವ ಬಟ್ಟೆ ಎಂಥದ್ದು?

ಕೆಲಸದ ಯಂತ್ರಗಳಿಗೆ ಯುರೋಪಿನವರು ಎಲ್, ಎಂ, ಎಚ್ ಎಂಬ ಮೂರು ದರ್ಜೆ ಮಾಡಿದ್ದಾರೆ. ನಮ್ಮಲ್ಲಿ ಸಿಗುವ ಕೆಲವು ಯಂತ್ರಗಳ ಮೇಲೂ ಈ ಗುರುತು ಇರುತ್ತದೆ. ಎಲ್ ದರ್ಜೆಯ ಫಿಲ್ಟರ್ ನೂರಕ್ಕೆ 1 ಭಾಗದವರೆಗೆ ಧೂಳು ಬಿಡಬಹುದು, ಎಂ ದರ್ಜೆ 0.1 ಭಾಗದವರೆಗೆ. ಸಿಮೆಂಟ್, ಮರ ಕೊಯ್ಯುವವರಿಗೆ ಎಂ ಬೇಕು. ಎಚ್ ಇರುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸಿನಂಥ ವಿಷದ ಧೂಳಿಗೆ. ಹಳೇ ಕಲ್ನಾರು ಶೀಟಿಗೆ ತೂತು ಹೊಡೆಯುವಾಗ ಮಾಮೂಲಿ ಯಂತ್ರ ಮುಟ್ಟಲೇಬೇಡಿ.

ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಪುಟ್ಟಿ ಪುಡಿ ಅದನ್ನು ಕೆಲವೇ ನಿಮಿಷದಲ್ಲಿ ಕಟ್ಟಿಹಾಕುತ್ತದೆ. ಎಳೆತ ಬಿದ್ದುಹೋಗುತ್ತದೆ. ಇದಕ್ಕೆ ಎರಡು ದಾರಿ. ಡ್ರಮ್ಮಿನೊಳಗೆ ಬಟ್ಟೆಯಂಥ ದಪ್ಪ ಬ್ಯಾಗ್ ಹಾಕಿ, ಪೇಪರ್ ಬ್ಯಾಗಿಗಿಂತ ಇದು ಜಾಸ್ತಿ ತಡೆಯುತ್ತದೆ. ಅಥವಾ ಪೈಪಿನ ನಡುವೆ ಸೈಕ್ಲೋನ್ ಬಕೆಟ್ ಇಡಿ. ಗಾಳಿ ಅದರಲ್ಲಿ ಸುತ್ತು ಹೊಡೆದು ಹೆಚ್ಚಿನ ಪುಡಿ ಬಕೆಟ್ಟಿನಲ್ಲೇ ಉದುರುತ್ತದೆ. ನನಗೆ ಎರಡನೆಯದೇ ಇಷ್ಟ, ಬ್ಯಾಗಿನ ಖರ್ಚು ಉಳಿಯುತ್ತದೆ. ಸೈಟಿನಲ್ಲಿ ಇನ್ನೊಂದು ಸಾಮಾನು ಹೊರಬೇಕು, ಅದೊಂದೇ ಕಿರಿಕಿರಿ.

ಅಂಗಡಿಯಲ್ಲಿ

ಎಲೆಕ್ಟ್ರಿಷಿಯನ್, ಕಾರ್ಪೆಂಟರುಗಳಿಗೆ 20ರಿಂದ 30 ಲೀಟರ್ ಡ್ರಮ್ ಇರುವ, ನೀರನ್ನೂ ಎಳೆಯುವ ಯಂತ್ರ ಸರಿ. ಯಂತ್ರದ ಮೈ ಮೇಲೆಯೇ ಗ್ರೈಂಡರ್ ಸಿಕ್ಕಿಸುವ ಸಾಕೆಟ್ ಇದೆಯಾ ನೋಡಿ. ಗ್ರೈಂಡರ್ ಒತ್ತಿದರೆ ಇದೂ ತಾನಾಗೇ ಶುರುವಾಗಬೇಕು, ಬಿಟ್ಟ ಮೇಲೂ ಕೆಲವು ಸೆಕೆಂಡ್ ಓಡಿ ಪೈಪಿನಲ್ಲಿ ಉಳಿದ ಧೂಳು ಎಳೆದುಕೊಳ್ಳಬೇಕು. ಪೈಪಿನ ತುದಿ ನಿಮ್ಮ ಗ್ರೈಂಡರಿಗೆ ಕೂರುತ್ತದೋ ಇಲ್ಲವೋ, ಗ್ರೈಂಡರನ್ನೇ ತೆಗೆದುಕೊಂಡು ಹೋಗಿ ನೋಡಿ. ಒಣ ಪುಡಿ ಪ್ಲಾಸ್ಟಿಕ್ ಪೈಪಿನಲ್ಲಿ ಓಡುವಾಗ ಕೈಗೆ ಚಟ್ ಅಂತ ಶಾಕ್ ಹೊಡೆಯುವುದುಂಟು. ದಿನಾ ಬಳಸುವವರು ಆಂಟಿಸ್ಟ್ಯಾಟಿಕ್ ಪೈಪ್ ಕೇಳಿ.

ಇದನ್ನೇ ಮನೆಗೂ ಬಳಸಬಹುದಾ? ಬಳಸಬಹುದು, ಆದರೆ ಭಾರ, ಸದ್ದು ಜಾಸ್ತಿ. ಬಾಣಂತಿ, ಮಗು ಮಲಗಿರುವ ಮನೆಯಲ್ಲಿ ಬೇಡ. ಸೋಫಾಕ್ಕೆ ಬೇರೆ ಬ್ರಷ್, ಬೇರೆ ಪೈಪ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸೈಟಿನ ಸಿಮೆಂಟ್ ಸೋಫಾ ಮೇಲೆ ಬರುತ್ತದೆ. ಬ್ಯಾಟರಿಯಲ್ಲಿ ಓಡುವ, ಕಡ್ಡಿಯಂತೆ ಉದ್ದದ (ಸ್ಟಿಕ್) ಮಾದರಿಗಳು ಗುಡಿಸುವ ಕೆಲಸಕ್ಕೆ ಚೆಂದ, ಸೈಟಿಗೆ ಅಲ್ಲ.

ನೀರು ಎಳೆಯುವ ಮುಂಚೆ ಬ್ಯಾಗ್, ಪೇಪರ್ ಫಿಲ್ಟರ್ ತೆಗೆದು ಸ್ಪಂಜಿನ ಫಿಲ್ಟರ್ ಹಾಕಿ. ಡ್ರಮ್ಮಿನಲ್ಲಿ ಸಿಮೆಂಟ್ ಉಳಿದಿರಬಾರದು. ನೀರು ಬಿದ್ದರೆ ತಳದಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಉಳಿ ಸುತ್ತಿಗೆ ಹಿಡಿಯಬೇಕು! ಮೋಟಾರಿನ ಸದ್ದು ಇದ್ದಕ್ಕಿದ್ದಂತೆ ಏರಿದರೆ ಡ್ರಮ್ ತುಂಬಿ, ಒಳಗಿನ ತೇಲುವ ಮುಚ್ಚಳ (ಫ್ಲೋಟ್) ಗಾಳಿ ಎಳೆಯುವ ಬಾಯಿ ಮುಚ್ಚಿದೆ ಎಂದರ್ಥ. ಆಫ್ ಮಾಡಿ ನೀರು ಚೆಲ್ಲಿ. ಥಿನ್ನರ್, ಪೆಟ್ರೋಲ್, ಬಿಸಿ ಬೂದಿ, ವೆಲ್ಡಿಂಗ್ ಕಿಡಿ ಮಾತ್ರ ಯಾವತ್ತೂ ಎಳೆಯಬೇಡಿ, ಬೆಂಕಿ ಹತ್ತುತ್ತದೆ.

ದುಡ್ಡು ಕೊಡುವ ಮುಂಚೆ ಕೊನೆಯದಾಗಿ ಕೇಳಿ: ಈ ಮಾದರಿಯ ಬ್ಯಾಗ್, ಫಿಲ್ಟರ್ ನಿಮ್ಮಲ್ಲೇ ಸಿಗುತ್ತಾ? ಸಿಗುತ್ತದೆ ಅಂದರೆ ಅಲ್ಲೇ ಒಂದು ಪ್ಯಾಕೆಟ್ ಬ್ಯಾಗ್ ಕೊಂಡುಬಿಡಿ. ‘ತರಿಸಿಕೊಡ್ತೀವಿ ಸಾರ್’ ಅಂದರೆ ಪಕ್ಕದ ಯಂತ್ರ ತೋರಿಸಲು ಹೇಳಿ.