ಎಸ್ಸೆಸ್ಸೆಲ್ಸಿ ರಜೆಗೆ ದಾವಣಗೆರೆಯಲ್ಲಿ ಮೊದಲ ಕೆಲಸ

ಮೊದಲು ವಯಸ್ಸು ನೋಡಿಕೊಳ್ಳಿ. 14 ತುಂಬಿರಬೇಕು. 18ರ ಒಳಗಿನವರನ್ನು ಗಣಿ, ಪಟಾಕಿಯಂಥ ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ವಿರಾಮವೂ ಸೇರಿ ದಿನಕ್ಕೆ 6 ಗಂಟೆ ದಾಟುವಂತಿಲ್ಲ. "ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಹೋಗಪ್ಪಾ" ಅನ್ನುವ ಹೋಟೆಲು ಬೇಡವೇ ಬೇಡ.

ನನ್ನ ಕೇಳಿದರೆ ಬಟ್ಟೆ ಅಂಗಡಿ ವಾಸಿ. ಏಪ್ರಿಲ್, ಮೇ ಅಂದರೆ ಮದುವೆ ಸೀಸನ್ ಅಲ್ವಾ, ಗಿರಾಕಿ ಬಿಚ್ಚಿಸಿ ಹಾಕಿದ ಸೀರೆ ಮಡಚಿ ಮತ್ತೆ ಬೀರುವಿಗೆ ಜೋಡಿಸೋಕೆ ಜನ ಸಾಲಲ್ಲ. ಮಂಡಿಪೇಟೆ ಕಡೆ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋಗಿ, ಗಲ್ಲೆಯಲ್ಲಿ ಕೂತ ಮಾಲೀಕರನ್ನೇ ಕೇಳಿ: "ಅಣ್ಣಾ, ರಜೆ ಮುಗಿಯೋವರೆಗೆ ಕೆಲಸ ಸಿಗುತ್ತಾ?" ಜೊತೆಗೆ ಅಪ್ಪನೋ ಅಮ್ಮನೋ ಇದ್ದರೆ ಇನ್ನೂ ಒಳ್ಳೇದು.

ಸಂಬಳ ಎಷ್ಟು, ವಾರದ ರಜೆ ಯಾವತ್ತು, ಅವತ್ತೇ ಕೇಳಿ. ಆಧಾರ್ ಜೆರಾಕ್ಸ್ ಸಾಕು, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಕೊಡಬೇಡಿ. ಡಿಪಾಸಿಟ್ ಕಟ್ಟು ಅಂದರೆ ಎದ್ದು ಬನ್ನಿ.